ಅರ್ಧ ಹೆಣೆದ ಗರಿ

ಸಂಜೆಯಾದರೆ ನಮ್ಮತ್ತೆಗೆ ತಮ್ಮ ಮನೆ ಯಾವುದೆಂದು ಮರೆತುಹೋಗುತ್ತಿತ್ತು. ಮಕ್ಕಳನ್ನು ಹೆತ್ತು ಬೆಳೆಸಿದ ಮನೆಯಲ್ಲೇ ನಿಂತು, ಸೀರೆಯೊಂದನ್ನು ಚೀಲಕ್ಕೆ ತುರುಕಿಕೊಂಡು, "ನೇರ ಆತು ಅಮ್ಮಣಿ, ಹೊತ್ತು ಮುಳುಗ್ತು, ನಾನು ಮನೆಗೆ ಹೋಗ್ತಿನಿ" ಎಂದು ನನಗೆ ಹೇಳಿ ಹೊರಟುಬಿಡುವರು. ತೋಟ ದಾಟಿದರೆ ಪೊಳ್ಳಾಚಿ ರಸ್ತೆ. ಒಮ್ಮೆ ಬಸ್ಸಿನ ಕಂಡಕ್ಟರ್ ಗುರುತು ಹಿಡಿದು ಇಳಿಸಿಕೊಟ್ಟ. ಪ್ರತಿಸಲವೂ ಗುರುತಿನವರೇ ಸಿಗುತ್ತಾರೆಯೇ?

ಎಂಬತ್ತರ ದಶಕದ ಮಾತಿದು. ಕಾಯಿಲೆಯ ಹೆಸರು ನಮಗೆ ಗೊತ್ತಿರಲಿಲ್ಲ. ನೆರೆಹೊರೆಯವರು ಮಾತ್ರ ಆಳಿಗೊಂದು ಹೆಸರಿಟ್ಟಿದ್ದರು. ಕೊಯಮತ್ತೂರಿನ ಡಾಕ್ಟರು, ಕೈಗೆ ಕೆಲಸ ಕೊಟ್ಟರೆ ತಲೆಗೂ ಕೊಟ್ಟಂತೆ, ಕಾಳು ಬೆರೆಸಿ ಆರಿಸಲು ಕೂರಿಸಿ ಎಂದರು. ನನ್ನ ಗಂಡ ಅದನ್ನು ಮಾತ್ರೆ ನುಂಗಿಸಿದಷ್ಟೇ ನಿಷ್ಠೆಯಿಂದ ಪಾಲಿಸಿದರು. ತೊಗರಿ, ಹೆಸರು, ಅವರೆ ಎಲ್ಲ ಬೆರೆಸಿ ಮೊರಕ್ಕೆ ಸುರಿಯುವುದು, ಅತ್ತೆ ಆರಿಸಿಟ್ಟ ಮೇಲೆ ಮತ್ತೆ ಬೆರೆಸುವುದು. ಒಂದು ದಿನ ಅತ್ತೆಯ ಕಣ್ಣೆದುರೇ ಬೆರೆಸಿಬಿಟ್ಟರು.

"ಆರ್ಸಿದ್ದನ್ನ ಯಾಕಪ್ಪಾ ಕಲಸ್ತೀಯ? ನಾನೇನು ಕೂಸಾ?" ಎಂದು ಅತ್ತೆ ಮೊರವನ್ನೇ ಅಂಗಳಕ್ಕೆ ಎಸೆದರು. ನನಗಂತೂ ಒಳಗೊಳಗೇ ಸಂತೋಷವಾಯಿತು. ಸಿಟ್ಟು ಬಂದಾಗ ಅವರು ಹಳೆಯ ಅತ್ತೆಯೇ ಆಗಿದ್ದರು.

ಅವತ್ತು ಸಂಜೆ ಮತ್ತೆ ರಸ್ತೆಯಿಂದ ಕರೆತಂದದ್ದಾಯಿತು. ಮರುದಿನ ಗಂಡ, ಅತ್ತೆಯ ಕೋಣೆಗೆ ಹೊರಗಿನಿಂದ ಹಾಕಲು ಒಂದು ಕಬ್ಬಿಣದ ಚಿಲಕ ಕೊಂಡುತಂದರು.

"ದನಕ್ಕೂ ಹಗ್ಗ ಸಡಿಲ ಬಿಡ್ತೀವಿ, ನಿಮ್ಮಮ್ಮಂಗೆ ಚಿಲಕವಾ?" ಎಂದೆ.

"ಹಂಗಾರೆ ಹಗಲೂ ರಾತ್ರಿ ನೀನು ಕಾಯ್ತಿಯಾ?" ಎಂದರು. ಅವರ ಕಣ್ಣೂ ಕೆಂಪಾಗಿತ್ತು, ಪಾಪ. ಇವತ್ತೊಂದು ದಿನ ತಡೆಯಿರಿ ಎಂದೆ.

ಕೊಟ್ಟಿಗೆಯ ಮಾಡು ಸೋರುತ್ತಿತ್ತು. ಅದು ನೆಪವಲ್ಲ, ಎಮ್ಮೆ ನಿಜವಾಗಿಯೂ ನೆನೆಯುತ್ತಿತ್ತು. ತೊಟ್ಟಿಯಲ್ಲಿ ನೆನೆಹಾಕಿದ್ದ ತೆಂಗಿನ ಗರಿಗಳನ್ನು ಸೀಳಿ ತಂದು ಅತ್ತೆಯ ಮುಂದೆ ಹಾಕಿ, "ಮಾಡಿಗೆ ಬೇಕು ಅತ್ತೆ, ನನ್ ಕೈಲಿ ಬಿಗಿ ಬರಲ್ಲ" ಎಂದೆ. ಅದೂ ಸುಳ್ಳಲ್ಲ. ಅವರು ಗರಿಯ ಬುಡವನ್ನು ಕಾಲಲ್ಲಿ ಮೆಟ್ಟಿಕೊಂಡು ಕೂತು, ಒಂದೆಲೆ ಮೇಲೆ ಒಂದೆಲೆ ಕೆಳಗೆ ಹೆಣೆಯತೊಡಗಿದರು. ನಡುನಡುವೆ ಎಲೆ ತಪ್ಪುತ್ತಿತ್ತು. ಗೊಣಗಿಕೊಂಡು ಬಿಚ್ಚಿ ಮತ್ತೆ ಹಾಕುವರು. ನಾನು ತಿದ್ದಲು ಹೋಗಲಿಲ್ಲ. ಹೆಣೆದದ್ದನ್ನೆಲ್ಲ, ಓರೆಕೋರೆಯಾದದ್ದನ್ನೂ ಬಿಡದೆ, ಗಂಡ ಮಾಡಿಗೆ ಕಟ್ಟಿದರು.

ಅತ್ತೆ ತಲೆಯೆತ್ತಿ ನೋಡಿ, "ಯಾರು ಹೆಣ್ದಿದ್ದು? ಪರವಾಗಿಲ್ಲ" ಎಂದರು.

ಆದರೂ ಸಂಜೆಗೆ ಚೀಲ ಕೈಗೆ ಬಂತು. ಗಂಡ ಚಿಲಕ ಹಿಡಿದು ಬಾಗಿಲಿಗೆ ಬಂದರು. ಅಂಗಳ ದಾಟುತ್ತಿದ್ದ ಅತ್ತೆಗೆ, ತಾವೇ ಅರ್ಧ ಹೆಣೆದು ಬಿಟ್ಟಿದ್ದ ಗರಿ ಕಣ್ಣಿಗೆ ಬಿತ್ತು. ಬಗ್ಗಿ ಬೆರಳಿನಿಂದ ಮುಟ್ಟಿ ನೋಡಿದರು.

"ಒಣಗಿದ್ರೆ ಮುರಿತದೆ. ಇದನ್ನ ಮುಗ್ಸಿ ಹೋಗ್ತಿನಿ" ಎಂದು ಚೀಲ ಪಕ್ಕಕ್ಕಿಟ್ಟು ಕೂತರು.

ಮುಗಿಯುವ ಹೊತ್ತಿಗೆ ಮಬ್ಬುಗತ್ತಲಾಗಿತ್ತು. "ನಾಳೆಗೂ ಗರಿ ಇದ್ಯಾ ಅಮ್ಮಣಿ?" ಎಂದು ಕೇಳಿದರು.

"ಬೇಕಾದಷ್ಟಿದೆ ಅತ್ತೆ."

"ಹಂಗಾರೆ ಇವತ್ತು ಇಲ್ಲೇ ಇರ್ಲಾ? ನಿಮ್ಮನೆಯೋರು ಏನೂ ಅನ್ಕೊಳ್ಳಲ್ವಾ?"

ನನ್ನ ಗಂಡ ಚಿಲಕವನ್ನು ಜಗಲಿಯ ಮೇಲಿಟ್ಟು ಬಂದು, ತಾಯಿಯ ಚೀಲ ಎತ್ತಿಕೊಂಡರು.

"ಏನೂ ಅನ್ಕೊಳ್ಳಲ್ಲಮ್ಮಾ" ಎಂದರು. "ಬಾ, ಉಂಡು ಮಲಗು."