ಕಂಬಿಯಿಲ್ಲದ ಟ್ರ್ಯಾಕ್ಟರ್

ಹಳೆಯ ಟ್ರ್ಯಾಕ್ಟರ್ ನೋಡಲು ಹೋದವರು ಮೊದಲು ಮಾಡಬೇಕಾದ ಕೆಲಸವೆಂದರೆ ಇಂಜಿನ್ನಿನ ಮೇಲೆ ಕೈಯಿಡುವುದು. ಅದು ತಣ್ಣಗಿರಬೇಕು. ಬೆಚ್ಚಗಿದ್ದರೆ, ಮಾರುವವನು ನಾವು ಬರುವ ಮೊದಲೇ ಹೆಣಗಾಡಿ ಅದನ್ನು ಎಬ್ಬಿಸಿಟ್ಟಿದ್ದಾನೆ ಎಂದರ್ಥ. ಮದ್ದೂರಿನ ಕಡೆ ಟ್ರ್ಯಾಕ್ಟರ್‌ಗಳನ್ನು ಬಾಡಿಗೆಗೆ ಬಿಡುತ್ತಿದ್ದ ಅಪ್ಪನ ಅಂಗಳದಲ್ಲಿ ಬೆಳೆದ ನನಗೆ ಇದು ಅ ಆ ಇ ಈ ಇದ್ದ ಹಾಗೆ. ಪರ್ತ್‌ನಲ್ಲಿ ಮೂಳೆ ಡಾಕ್ಟರಾಗಿರುವ ನನ್ನ ಗಂಡನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಿರುವುದು ತಪ್ಪಲ್ಲ. ಗೊತ್ತಿರುವ ಹೆಂಡತಿ ಪಕ್ಕದಲ್ಲೇ ಕೂತಿರುವಾಗ ಬ್ರಿಸ್ಬೇನಿಗೆ ಫೋನ್ ಹಚ್ಚುವುದು ತಪ್ಪು.

ಬ್ರಿಸ್ಬೇನಿನ ರನ್‌ಕಾರ್ನ್‌ನಲ್ಲಿ ನಮ್ಮ ಭಾವ, ಅಂದರೆ ಇವರ ಅಣ್ಣ, ಇದ್ದಾರೆ. ಅವರು ಕಿಡ್ನಿ ಡಾಕ್ಟರು. ಫೋನಿನಲ್ಲಿ ಟ್ರ್ಯಾಕ್ಟರ್ ವಿಡಿಯೋಗಳನ್ನು ನೋಡಿ ನೋಡಿಯೇ ಆ ವಿದ್ಯೆಯಲ್ಲೂ ಪಂಡಿತರಾದವರು. ಅವರ ಮನೆ ಮುಂದಿನ ಅಂಗೈಯಗಲದ ಹುಲ್ಲನ್ನು ಕತ್ತರಿಸಲು ಬೇರೆಯವರು ಬರುತ್ತಾರೆ ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ.

ಹ್ಯಾರಿಸ್‌ಡೇಲ್‌ನ ನಮ್ಮ ಮನೆಯಿಂದ ಮುಕ್ಕಾಲು ಗಂಟೆ ದೂರದ ಗುಡ್ಡದಲ್ಲಿ ಐದೆಕರೆ ತೆಗೆದುಕೊಂಡಿದ್ದೆವು. ಬೇಸಿಗೆ ಬರುವ ಮೊದಲು ಅಲ್ಲಿನ ಹುಲ್ಲು ಹೊಡೆಸಿ, ಕಾಡಿನ ಬೆಂಕಿ ದಾಟದಂತೆ ಬೇಲಿಯ ಉದ್ದಕ್ಕೂ ಬರಿನೆಲದ ಪಟ್ಟಿ ಮಾಡಿಸಬೇಕು. ಅದಕ್ಕೆ ಜನ ಸಿಗುತ್ತಾರೆ, ಫೋನ್ ಮಾಡಿದರೆ ಬಂದು ಮುಗಿಸಿ ಹೋಗುತ್ತಾರೆ. ಆದರೆ ಇವರಿಗೆ ತಾವೇ ಸೀಟಿನ ಮೇಲೆ ಕೂರಬೇಕು, ತಲೆಗೆ ಅಗಲದ ಟೋಪಿ ಬೇಕು, ಬಾರ್ಬಿಗೆ, ಅಂದರೆ ಹಿತ್ತಲಲ್ಲಿ ಕೆಂಡದ ಮೇಲೆ ಸುಟ್ಟು ತಿನ್ನುವ ಇಲ್ಲಿನವರ ಕೂಟಕ್ಕೆ, ಬಂದ ಡಾಕ್ಟರ್ ಗೆಳೆಯರ ಮುಂದೆ "ನಮ್ ಟ್ರ್ಯಾಕ್ಟರು" ಅನ್ನಬೇಕು. ಅಜ್ಜಿಗೆ ಅರಿವೆ ಚಿಂತೆ, ಮೊಮ್ಮಗಳಿಗೆ ಕಡುಬಿನ ಚಿಂತೆ. ನನಗೆ ಆ ಜಾಗದ ಇಳಿಜಾರಿನದೇ ಚಿಂತೆ.

ನೋಡಲು ಹೋದದ್ದು ಶನಿವಾರ ಬೆಳಿಗ್ಗೆ. ಒಂಬತ್ತಕ್ಕೆ ರಾಹುಕಾಲ, ಅಷ್ಟರೊಳಗೆ ಮಾತು ಮುಗಿಯಬೇಕು ಎಂದು ಭಾವ ಅಪ್ಪಣೆ ಕೊಡಿಸಿದ್ದರು. "ರಾಹು ಬ್ರಿಸ್ಬೇನ್ ಟೈಮಿಗೆ ಬರ್ತಾನೋ, ಪರ್ತ್ ಟೈಮಿಗೆ ಬರ್ತಾನೋ?" ಎಂದು ಕೇಳಿದೆ. ತಡವಾಗದಿರಲಿ ಎಂದು ಇವರು ಹಿಂದಿನ ದಿನವೇ ಮಾರುವವನಿಗೆ ಮೆಸೇಜು ಕಳಿಸಿದ್ದರಂತೆ: ದಯವಿಟ್ಟು ಇಂಜಿನ್ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿರಿ. ಕಳ್ಳನಿಗೆ ನಾವೇ ಬಾಗಿಲು ತೆಗೆದು ದೀಪ ಹಿಡಿದ ಹಾಗಾಯಿತು. ನಾವು ಹೋದಾಗ ಅದು ಗಡಗಡ ಎನ್ನುತ್ತ ನಿಂತಿತ್ತು. ಪಕ್ಕದಲ್ಲಿ ನಿಂತಿದ್ದ ಮುದುಕ, ಇದು ಬಂಗಾರದಂಥಾ ಹುಡುಗಿ, ಒಂದು ದಿನವೂ ಕೈಕೊಟ್ಟಿಲ್ಲ ಎಂದು ಬಾನೆಟ್ ಸವರಿದ. ಆಣೆಯಿಟ್ಟು ಹೇಳುತ್ತೇನೆ, ಆ ಕ್ಷಣಕ್ಕೇ ಅವನ ಮೇಲೆ ನನಗೆ ನಂಬಿಕೆ ಹೋಯಿತು.

ಒಳ್ಳೆಯದನ್ನೂ ಹೇಳಬೇಕು. ಮೂರು ಸಿಲಿಂಡರಿನ ಸರಳ ಡೀಸೆಲ್ ಇಂಜಿನ್, ಬಿಸಿಯಾದ ಮೇಲೆ ಸದ್ದು ಹದವಾಗಿತ್ತು. ಹೊಗೆ ನೀಲಿಯಾಗಿರಲಿಲ್ಲ, ಎಂದರೆ ಆಯಿಲ್ ಕುಡಿಯುತ್ತಿರಲಿಲ್ಲ. ಕಂಪ್ಯೂಟರ್ ಗಿಂಪ್ಯೂಟರ್ ಏನೂ ಇಲ್ಲ, ಸ್ಪ್ಯಾನರ್ ಹಿಡಿಯಲು ಬಲ್ಲವರು ಯಾರಾದರೂ ರಿಪೇರಿ ಮಾಡಬಹುದು. ಹಿಂದಿನ ಟೈರುಗಳಲ್ಲಿ ಮಣ್ಣು ಕಚ್ಚುವ ಗುಬುಟು ಇನ್ನೂ ಸವೆಯದೆ ಉಳಿದಿತ್ತು. ಗೇರುಗಳು ಕಿರುಚದೆ ಬಿದ್ದವು. ಸಮತಟ್ಟಾದ ಗದ್ದೆಯಲ್ಲಿ, ಬಿಸಿಲಿನ ಊರಿನಲ್ಲಿ ಇಂಥದ್ದು ಇನ್ನೂ ಹತ್ತು ವರ್ಷ ದುಡಿಯುತ್ತದೆ.

ಇನ್ನು ಹುಳುಕು. ಸ್ಟಿಯರಿಂಗನ್ನು ಅಂಗೈಯಗಲ ತಿರುಗಿಸಿದರೂ ಚಕ್ರ ಅಲುಗುತ್ತಿರಲಿಲ್ಲ. ಹಿಂದೆ ಕಟ್ಟಿದ್ದ ಹುಲ್ಲು ಹೊಡೆಯುವ ಯಂತ್ರವನ್ನು ಮೇಲೆತ್ತಿಸಿ ಇಂಜಿನ್ ಆರಿಸಲು ಹೇಳಿದೆ. ಮುದುಕ ಕೊಟ್ಟ ಚಹಾ ಕುಡಿದು ಮುಗಿಸುವಷ್ಟರಲ್ಲಿ ಅದು ನಿಧಾನವಾಗಿ ಕುಸಿದು ನೆಲಕ್ಕೆ ಕೂತಿತು. ಹೈಡ್ರಾಲಿಕ್ ಸೋತಿದೆ ಎಂದು ತಿಳಿಯಲು ಅಷ್ಟು ಸಾಕು. ಹ್ಯಾಂಡ್‌ಬ್ರೇಕ್ ಎಳೆದರೆ ಲಿವರ್ ಮಾತ್ರ ಮೇಲೆ ಬಂತು, ಬ್ರೇಕ್ ಹಿಡಿಯಲಿಲ್ಲ. ಅದಕ್ಕೇನು, ಚಕ್ರಕ್ಕೆ ಕಲ್ಲು ಕೊಡಿ ಎಂದ ಮುದುಕ. ಎಲ್ಲಕ್ಕಿಂತ ದೊಡ್ಡದು, ಸೀಟಿನ ಹಿಂದೆ ಕಂಬಿ ಇರಲಿಲ್ಲ. ಟ್ರ್ಯಾಕ್ಟರ್ ಮಗುಚಿದರೆ ಕೂತವನು ಅಪ್ಪಚ್ಚಿಯಾಗದಂತೆ ತಡೆಯುವುದು ಆ ಕಂಬಿಯೊಂದೇ. ಷೆಡ್ಡಿನ ಬಾಗಿಲಿಗೆ ತಗಲುತ್ತದೆಂದು ಅವನು ಅದನ್ನು ಕೊಯ್ದು ಎಸೆದಿದ್ದನಂತೆ.

ನಮ್ಮ ಚಿಕ್ಕಪ್ಪ ನಾಲೆ ಏರಿಯ ಮೇಲೆ ಕಬ್ಬಿನ ಲೋಡಿನ ಸಮೇತ ಮಗುಚಿ ಹೋದವರು. ಅವರನ್ನು ಹೊರಗೆ ತೆಗೆಯಲು ಇನ್ನೊಂದು ಟ್ರ್ಯಾಕ್ಟರ್ ಬೇಕಾಯಿತು.

"ರೀ, ಇದಕ್ಕೆ ಕಂಬಿನೇ ಇಲ್ಲ. ನಮ್ದು ಇಳಿಜಾರು ಜಾಗ. ಬೇಡ" ಅಂದೆ.

"ಆಮೇಲೆ ಹಾಕಿಸ್ಕೊಂಡ್ರಾಯ್ತು ಬಿಡೇ" ಎಂದರು ಇವರು.

ವಿಡಿಯೋ ಕಾಲಿನಲ್ಲಿದ್ದ ಭಾವ ರನ್‌ಕಾರ್ನ್‌ನಿಂದಲೇ ತೀರ್ಪು ಕೊಟ್ಟರು: "ನೋಡಮ್ಮಾ, ನೀನು ಸುಮ್ನೆ ಹೆದರ್ತೀಯ. ಪೇಂಟ್ ನೋಡು, ಎಷ್ಟ್ ನೀಟಾಗಿ ಇಟ್ಕೊಂಡಿದಾನೆ! ಮದುಮಗಳ ಥರಾ ಇದೆ."

"ಮೇಲೆ ಥಳಕು, ಒಳಗೆ ಹುಳುಕು ಭಾವ. ಪೇಂಟ್ ಹೊಡೆಯೋಕಾದವನಿಗೆ ಕಂಬಿ ಹಾಕ್ಸೋಕೇನಾಗಿತ್ತು?"

"ಲೋ, ಒಂಬತ್ತಾಗ್ತಾ ಬಂತು, ಬೇಗ ಹೂಂ ಅನ್ನೋ" ಎಂದರು ಭಾವ ತಮ್ಮನಿಗೆ. ಇವರು ಹೂಂ ಅಂದೇಬಿಟ್ಟರು. ಮುರಿದ ಸೊಂಟಗಳನ್ನು ದಿನಾ ಜೋಡಿಸುವ ಮನುಷ್ಯ! ಓದು ಹೆಚ್ಚಾದಷ್ಟೂ ಬುದ್ಧಿ ಕಡಿಮೆಯಾಗುತ್ತದೆ ಎಂದು ಅಪ್ಪ ಗೊಣಗುತ್ತಿದ್ದಾಗ ನಾನು ಓದಿದವಳಾಗಿ ಜಗಳವಾಡುತ್ತಿದ್ದೆ. ಅವತ್ತು ಅಪ್ಪನ ಮಾತೇ ಗೆದ್ದಿತು.

ಕಂಬಿ ಹಾಕಿಸುವವರೆಗೆ ಅದರ ಮೇಲೆ ಕೂತು ಇಳಿಜಾರಿಗೆ ಇಳಿಯಬಾರದು ಎಂದು ಪಟ್ಟು ಹಿಡಿದೆ. ಹೂಂ ಅಂದರು. ಆದರೆ ಆ ಬಂಗಾರದಂಥಾ ಹುಡುಗಿ ಚಳಿಗೆ ಏಳುತ್ತಲೇ ಇರಲಿಲ್ಲ. ಬ್ಯಾಟರಿ ಬದಲಿಸಿದರೂ ಕೊರ್ ಕೊರ್ ಎಂದು ಸುಮ್ಮನಾಗುತ್ತಿತ್ತು. ಮುದುಕ ಮೊದಲೇ ಬಿಸಿ ಮಾಡಿಟ್ಟಿದ್ದರಿಂದ ಅವತ್ತು ಇದು ಕಂಡಿರಲಿಲ್ಲ. ಭಾವ ಉಪಾಯ ಹೇಳಿದರು: ಇಳಿಜಾರಿನ ತಲೆಯಲ್ಲಿ ಕೆಳಮುಖವಾಗಿ ನಿಲ್ಲಿಸು, ಸ್ಟಾರ್ಟ್ ಆಗದಿದ್ದರೆ ಉರುಳಿಸಿ ಗೇರ್ ಹಾಕು, ಇಂಜಿನ್ ತಾನಾಗಿ ಹತ್ತಿಕೊಳ್ಳುತ್ತದೆ. ಇವರು ಅದನ್ನೂ ಪಾಲಿಸಿದರು. ಒಂದು ಮಧ್ಯಾಹ್ನ ಅದು ಹೇಗೋ ಎದ್ದಾಗ ಗುಡ್ಡದ ತಲೆಗೆ ಒಯ್ದು, ಹಿಂದಿನ ಎರಡು ಚಕ್ರಗಳ ಮುಂದೆ ಎರಡು ದಪ್ಪ ಕಲ್ಲು ಕೊಟ್ಟು ನಿಲ್ಲಿಸಿದರು. "ನಾನೇನೂ ಇಳಿಸಿಲ್ಲ, ನಿಲ್ಸಿದೀನಷ್ಟೇ" ಎಂದು ನನಗೇ ಕಾನೂನು ಹೇಳಿದರು.

ಅಷ್ಟರಲ್ಲಿ ಆಯುಧಪೂಜೆ ಬಂತು. ನನಗೆ ಪೂಜೆಯ ಮೇಲೆ ತಕರಾರಿಲ್ಲ. ಅಪ್ಪನೂ ಮಾಡುತ್ತಿದ್ದರು, ಆದರೆ ಸಮತಟ್ಟಾದ ಅಂಗಳದಲ್ಲಿ. ಸರ್ವೋದಲ್ಲಿ, ಅಂದರೆ ಇಲ್ಲಿನ ಪೆಟ್ರೋಲ್ ಬಂಕಿನಲ್ಲಿ, ಡೀಸೆಲ್ ತುಂಬಿಸಿಕೊಂಡು, ಅಂಗಡಿಯ ಗುಲಾಬಿ, ನಮ್ಮ ಹಿತ್ತಲಿನ ನಿಂಬೆಹಣ್ಣು, ಅರಿಶಿನ ಕುಂಕುಮ ಹಿಡಿದು ಗುಡ್ಡಕ್ಕೆ ಹೋದೆವು. ಇವರು ಹತ್ತಿ ಕೂತು ಕೀ ತಿರುಗಿಸಿದರು. ಎಂದಿನಂತೆ ಕೊರ್ ಕೊರ್. ಆಮೇಲೆ ನೋಡೋಣ, ಮೊದಲು ಪೂಜೆ ಎಂದು ನ್ಯೂಟ್ರಲ್‌ನಲ್ಲೇ ಬಿಟ್ಟು ಇಳಿದರು. ಫೋನನ್ನು ಮಡ್‌ಗಾರ್ಡಿನ ಮೇಲೆ ಒರಗಿಸಿಟ್ಟರು. ಅದರಲ್ಲಿ ಭಾವ ಪಂಚೆ ಉಟ್ಟು, ವಿಭೂತಿ ಬಳಿದು, ಪುರೋಹಿತರಾಗಿ ಕೂತಿದ್ದರು.

ಕರ್ಪೂರದ ಡಬ್ಬಿ ಕಾರಿನಲ್ಲೇ ಉಳಿದಿತ್ತು. ತರಲು ಹೋದೆ. ಹಿಂದಿನಿಂದ ಭಾವನ ದನಿ ಕೇಳಿಸುತ್ತಿತ್ತು.

"ನಾಲ್ಕೂ ಚಕ್ರದ ಮುಂದೆ ಇಟ್ಯೇನೋ?"

"ಮುಂದಿನ ಎರಡಕ್ಕೆ ಇಟ್ಟೆ ಅಣ್ಣ. ಹಿಂದೆ ಕಲ್ಲಿದೆಯಲ್ಲ."

"ಕಲ್ಲು ತೆಗ್ದು ನಿಂಬೆಹಣ್ಣು ಇಡೋ! ಕಲ್ಲಿಗೇನ್ ದೃಷ್ಟಿ ತೆಗೀತಾರಾ?"

ಆ ಮಾತು ನನ್ನ ತಲೆಗೆ ಇಳಿದು ನಾನು ತಿರುಗುವಷ್ಟರಲ್ಲಿ ಒಂದು ಕಲ್ಲು ಆಚೆ ಬಿದ್ದಿತ್ತು, ಅದರ ಜಾಗದಲ್ಲಿ ಹಳದಿ ಹಣ್ಣೊಂದು ಕೂತಿತ್ತು. ಇವರು ಪಕ್ಕದಲ್ಲಿ ನಿಂತು ಎರಡನೆಯ ಕಲ್ಲನ್ನು ಬೂಟಿನಿಂದ ಒದೆಯುತ್ತಿದ್ದರು. ಇಬ್ಬರು ಸ್ಪೆಷಲಿಸ್ಟ್ ಡಾಕ್ಟರುಗಳು ಸೇರಿ, ಹ್ಯಾಂಡ್‌ಬ್ರೇಕಿಲ್ಲದ ಎರಡು ಟನ್ನಿನ ಗಾಡಿಯನ್ನು ನಿಂಬೆಹಣ್ಣಿನ ಆಧಾರಕ್ಕೆ ಬಿಡುತ್ತಿದ್ದರು.

"ರೀ, ಕಲ್ಲು!" ಎಂದು ಕಿರುಚಿಕೊಂಡು ಓಡಿದೆ. ಕಲ್ಲು ಸರಿದೇ ಹೋಯಿತು. ನಿಂಬೆಹಣ್ಣು ಪಚಕ್ಕೆಂದಿತು. ಟ್ರ್ಯಾಕ್ಟರ್ ಸದ್ದಿಲ್ಲದೆ ಹೊರಟಿತು. ಇವರು ದೂರ ನಿಲ್ಲಬೇಕೋ ಬೇಡವೋ? ಓಡುವ ಬಸ್ಸು ಹತ್ತುವವರ ಹಾಗೆ ಅದರ ಜೊತೆಗೇ ಓಡಿ, ಸ್ಟಿಯರಿಂಗಿಗೆ ಕೈ ಹಾಕಿ, ಮೆಟ್ಟಿಲ ಮೇಲೆ ಒಂದು ಕಾಲು ಇಟ್ಟೂ ಬಿಟ್ಟರು. ನಾನು ಹಿಂದಿನಿಂದ ಅಂಗಿ ಹಿಡಿದು ಜಗ್ಗಿದೆ. ಅಂಗಿಯ ಗುಂಡಿ ಕಿತ್ತುಹೋಗಿ, ಇಬ್ಬರೂ ಹುಲ್ಲಿನ ಮೇಲೆ ಉರುಳಿದೆವು.

ಅದು ಗುಲಾಬಿ ಹಾರದ ಸಮೇತ ಕೆಳಗೆ ಹೋಗಿ, ಒಂದು ಚಕ್ರ ದಿಬ್ಬಕ್ಕೆ ಹತ್ತಿ, ಹೊರಳಿ, ತಲೆಕೆಳಗಾಗಿ ಬಿತ್ತು. ಚಕ್ರಗಳು ಆಕಾಶಕ್ಕೆ ಮುಖ ಮಾಡಿ ತಿರುಗುತ್ತಿದ್ದವು. ಫೋನು ದಾರಿಯಲ್ಲೇ ಹುಲ್ಲಿನಲ್ಲಿ ಬಿದ್ದಿತ್ತು.

"ಏನೋ ಇದು, ಬರೀ ಆಕಾಶ ಕಾಣ್ತಿದೆ! ಹಣ್ಣು ಒಡೀತಾ?" ಎಂದು ಭಾವ ಕೂಗುತ್ತಿದ್ದರು. ಇಪ್ಪತ್ತು ವರ್ಷದ ಮರ್ಯಾದೆಯನ್ನು ಪಕ್ಕಕ್ಕಿಟ್ಟು, "ಬಾಯ್ಮುಚ್ಕೊಂಡಿರಿ ಭಾವ" ಅಂದೆ. ಇವತ್ತಿಗೂ ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ.

ಇವರು ಎದ್ದು ಮೈ ಕೊಡವಿಕೊಂಡರು. "ಹಿಡೀಬೇಕಿತ್ತು ಕಣೇ. ನೀನ್ ಎಳೀದೇ ಇದ್ದಿದ್ರೆ ಬ್ರೇಕ್ ಒತ್ತಿ ನಿಲ್ಲಿಸ್ಬಿಡ್ತಿದ್ದೆ" ಎಂದರು.

ನನಗೆ ಅಳು ಬಂತು, ಅದಕ್ಕಿಂತ ಮೊದಲು ಸಿಟ್ಟು ಬಂತು. ಅಂಗಿ ಬಿಡದೆ ಅವರನ್ನು ಕೆಳಗೆ ಕರೆದುಕೊಂಡು ಹೋದೆ. ಡೀಸೆಲ್ ವಾಸನೆ ಮೂಗಿಗೆ ಹೊಡೆಯುತ್ತಿತ್ತು.

"ಸೀಟೆಲ್ಲಿದೆ ತೋರ್ಸಿ" ಅಂದೆ.

ಅವರು ಬಗ್ಗಿ ನೋಡಿದರು. ಆ ಕಡೆ ಹೋಗಿ ನೋಡಿದರು. ನಾನೂ ಅಂಗಿ ಹಿಡಿದೇ ಅವರ ಹಿಂದೆ ಸುತ್ತಿದೆ. ಮಡ್‌ಗಾರ್ಡುಗಳು ಮಡಚಿಕೊಂಡು ನೆಲಕ್ಕೆ ಅಂಟಿದ್ದವು, ಸ್ಟಿಯರಿಂಗ್ ಪೂರ್ತಿ ಮಣ್ಣಿನೊಳಗಿತ್ತು. ಅವರು ಮಂಡಿಯೂರಿ, ಕೆನ್ನೆಯನ್ನು ಹುಲ್ಲಿಗೆ ತಾಗಿಸಿ, ಇನ್ನೊಮ್ಮೆ ಹುಡುಕಿದರು.

"ಕಾಣ್ತಿಲ್ಲ ಕಣೇ" ಎಂದರು.