ಸುಟ್ಟ ಸೌದೆ, ಸುಡದ ಸೌದೆ

ನಮ್ಮ ಮನೆಯಲ್ಲಿ ವ್ಯಾಪಾರದ ಮಾತು ಬಂದರೆ ಸೋದರತ್ತೆ ಬಾಯಿ ಹಾಕದೆ ಬಿಡುವವಳಲ್ಲ. ಹರೆಯದಿಂದಲೂ ರೇಷ್ಮೆ ಬೇಯಿಸುವ ಒಲೆಯ ಮುಂದೆ ಕೂತು ಬೆಂಕಿ ನೋಡಿಕೊಂಡವಳು. ಅವಳ ಪ್ರಕಾರ ಲೋಕದ ಖರ್ಚೆಲ್ಲ ಎರಡೇ ಜಾತಿ. "ಸುಟ್ಟ ಸೌದೆ, ಸುಡದ ಸೌದೆ. ಸುಟ್ಟಿದ್ದಕ್ಕೆ ಅಳ್ತಾ ಕೂತೋನು ಸುಡದೆ ಇರೋದ್ನೂ ಮಳೇಲಿ ನೆನೆಸ್ಬುಡ್ತಾನೆ ಕಣ್ಲಾ" ಅನ್ನುವಳು. ಹಳೆಯವರ ಮಾತು, ಕೇಳುವುದಕ್ಕೆ ಚೆಂದ ಎಂದುಕೊಂಡು ಸುಮ್ಮನಿದ್ದೆ. ಅದು ನನ್ನ ಕುತ್ತಿಗೆಗೇ ಬಂದದ್ದು ಹೋದ ಆಷಾಢದಲ್ಲಿ.

ರಾಮನಗರದಲ್ಲಿ ನಮ್ಮದೊಂದು ಚಿಕ್ಕ ಶೆಡ್ಡು. ಮಾರುಕಟ್ಟೆಯಲ್ಲಿ ರೇಷ್ಮೆಗೂಡು ಕೊಂಡು ತಂದು, ಬಿಸಿನೀರಲ್ಲಿ ಬೇಯಿಸಿ, ಎಳೆ ಬಿಚ್ಚಿ, ನೂಲು ಮಾಡಿ ಮಾರುವುದು ಕಸುಬು. ಎಳೆ ಬಿಚ್ಚಲು ಇಬ್ಬರು ಹೆಂಗಸರು ಬರುತ್ತಿದ್ದರು. ಇಬ್ಬರೂ ವಾರಗಿತ್ತಿಯರು, ಒಂದೇ ಮನೆಯ ಸೊಸೆಯಂದಿರು. ಕುದಿಯುವ ನೀರಿನಲ್ಲಿ ಬೆರಳಾಡಿಸಿ ಕೂದಲಿಗಿಂತ ಸಣ್ಣ ಎಳೆಯ ತುದಿ ಹಿಡಿಯುವ ಕೈ ಅವು. ಅಂಥ ಕೈ ಈಗ ಊರಲ್ಲಿ ಹುಡುಕಿದರೂ ಸಿಗುವುದಿಲ್ಲ. ಇದ್ದವರನ್ನು ಬೆಳಿಗ್ಗೆ ಬೆಳಿಗ್ಗೆ ಗಾರ್ಮೆಂಟ್ಸ್ ಬಸ್ಸು ತುಂಬಿಕೊಂಡು ಹೋಗುತ್ತದೆ.

ಆ ದಿನದ ಹರಾಜಿಗೆ ಮರಳವಾಡಿ ಕಡೆಯ ರೈತನೊಬ್ಬ ಗೂಡು ತಂದಿದ್ದ. ಗಟ್ಟಿ ಗೂಡು. ಕಿವಿಯ ಹತ್ತಿರ ಆಡಿಸಿದರೆ ಒಳಗಿನ ಹುಳ ಕಟಕಟ ಅನ್ನುತ್ತಿತ್ತು. ಮೊದಲೆಲ್ಲ ಹರಾಜೆಂದರೆ ಕೂಗು. ಎದುರಾಳಿಯ ಮುಖ ಕಾಣುತ್ತಿತ್ತು, ಅವನ ಗಂಟಲು ಒಣಗಿದ್ದೂ ಗೊತ್ತಾಗುತ್ತಿತ್ತು. ಈಗ ಫೋನಿನಲ್ಲಿ ಬೆರಳು ಒತ್ತುವುದಷ್ಟೆ. ನಾನು ಒತ್ತಿದೆ, ಯಾರೋ ಮೇಲೇರಿಸಿದರು. ಮತ್ತೆ ಒತ್ತಿದೆ, ಮತ್ತೆ ಏರಿತು. ಮುಖ ಕಾಣದವನ ಮೇಲೆ ಹಟ ಜಾಸ್ತಿ ಬರುತ್ತದೆ. ಕೊನೆಗೆ ಗೂಡು ನನ್ನದಾಯಿತು. ಎರಡು ಕಂಬದಾಚೆ ಫೋನು ಜೇಬಿಗಿಳಿಸುತ್ತ ನಿಂತಿದ್ದವರು ನಮ್ಮ ಎದುರು ಶೆಡ್ಡಿನ ಚಾಚಾ.

"ಅರೆ, ಅದು ನೀನೇನಾ?" ಎಂದು ಹಣೆ ಚಚ್ಚಿಕೊಂಡರು. "ನಾನು ಯಾರೋ ಕನಕಪುರದ ದೊಡ್ಡ ಪಾರ್ಟಿ ಅಂದ್ಕೊಂಡು ಏರಿಸ್ಬಿಟ್ನಲ್ಲಪ್ಪಾ!"

"ನಾನೂ ಹಂಗೇ ಅಂದ್ಕಂಡೆ ಚಾಚಾ."

"ಒಳ್ಳೇದಾಯ್ತು ಬಿಡು. ಇಬ್ರೂ ಸೇರಿ ಆ ರೈತನ ಮಗಳ ಮದುವೆ ಮಾಡಿದ್ವಿ."

ನಗುತ್ತಲೇ ಮನೆಗೆ ಬಂದೆವು. ಮಾರನೆಯ ದಿನ ನೂಲಿನ ರೇಟು ಕುಸಿಯಿತು.

ಸೋದರತ್ತೆ ಗೂಡಿನ ರಾಶಿ ನೋಡಿದಳು, ನನ್ನ ಮುಖ ನೋಡಿದಳು. "ಆಷಾಢದಲ್ಲಿ ಯಾವಳ್ಲಾ ಧಾರೆ ಸೀರೆ ಉಡ್ತಾಳೆ?" ಎಂದಳು. ನಿಜ. ಮದುವೆಯಿಲ್ಲದ ತಿಂಗಳಲ್ಲಿ ಸೀರೆ ಕೇಳುವವರಿಲ್ಲ, ಸೀರೆ ಕೇಳದಿದ್ದರೆ ನೂಲು ಕೇಳುವವರಿಲ್ಲ. ಅದು ನನಗೆ ಗೊತ್ತಿಲ್ಲದ್ದೇನಲ್ಲ. ಹಟಕ್ಕೆ ಪಂಚಾಂಗ ಕಾಣುವುದಿಲ್ಲ, ಅಷ್ಟೆ.

ಆ ರೇಟಿಗೆ ಒಲೆ ಹಚ್ಚಲು ನನಗೆ ಮನಸ್ಸು ಬರಲಿಲ್ಲ. ನಾಳೆ ಏರೀತು, ನಾಳಿದ್ದು ಏರೀತು ಎಂದು ಕಾದೆ. ಗೂಡೇನು ಅಕ್ಕಿ ಮೂಟೆಯಲ್ಲ, ಒಳಗೆ ಜೀವ ಇದೆ. ದಿನ ತುಂಬಿದರೆ ಹುಳ ಚಿಟ್ಟೆಯಾಗಿ ಗೂಡು ಕೊರೆದು ಬರುತ್ತದೆ. ಕೊರೆದ ಗೂಡಿನ ಎಳೆ ತುಂಡು ತುಂಡು, ಅದರಿಂದ ನೂಲಾಗದು. ತಟ್ಟೆಗಳಲ್ಲಿ ಹರಡಿದ ಗೂಡಿನ ಮೇಲೆ ಅಂಗೈ ಇಟ್ಟರೆ ಬೆಚ್ಚಗೆ ತಾಗುತ್ತಿತ್ತು. ಆ ಬಿಸಿ ತಾಗಿದಾಗೆಲ್ಲ ಬೆರಳು ಮಡಿಸಿ ದಿನ ಎಣಿಸುತ್ತಿದ್ದೆ.

ಚಾಚಾ ಬೇರೊಬ್ಬ ರೈತನ ಗೂಡಿನ ಲಾಟು ಕೊಂಡಿದ್ದರು. ಅದಕ್ಕೆ ಹಬೆ ಹೊಡೆಸಿ, ಹುಳ ಸಾಯಿಸಿ, ಒಣಗಿಸಿ ಕೋಣೆಯಲ್ಲಿ ತುಂಬಿಟ್ಟರು. "ನೀನೂ ಹಂಗೇ ಮಾಡು, ಶ್ರಾವಣಕ್ಕೆ ನೋಡುವಾ" ಎಂದರು. ಅವರಿಗೆ ಒಣ ಕೋಣೆಯಿತ್ತು, ಅಲ್ಲಿಯವರೆಗೆ ಮನೆ ನಡೆಸಲು ಮಗನ ಅಂಗಡಿಯಿತ್ತು. ನನಗಿದ್ದದ್ದು ಸೋರುವ ಶೀಟಿನ ಶೆಡ್ಡು. ಇಟ್ಟರೆ ಬೂಷ್ಟು ಹಿಡಿಯುವುದು ಖಂಡಿತ.

ನಾನು ಗಳಿಗೆಗೊಮ್ಮೆ ಫೋನ್ ತೆಗೆದು ರೇಟು ನೋಡುವುದನ್ನು ಕಂಡು ಹೆಂಡತಿ ರೇಗಿದಳು. "ಹಾಲು ಉಕ್ಕಿಸೋಕೆ ನಿಂತಂಗೆ ನಿಂತಿದೀರಲ್ಲ, ಒಲೇನೇ ಹಚ್ಚದೆ!"

ಅಷ್ಟರಲ್ಲಿ ವಾರಗಿತ್ತಿಯರು ಬಂದರು. ಮೂರು ದಿನದಿಂದ ಬಂದು ಬಾಗಿಲು ನೋಡಿಕೊಂಡು ಹೋಗುತ್ತಿದ್ದವರು, ಅಂದು ಜಗಲಿಯ ಮೇಲೆ ಕೂತೇಬಿಟ್ಟರು.

"ಅಣ್ಣೋ, ಹಚ್ತೀಯೋ ಇಲ್ವೋ ಒಂದು ಮಾತು ಹೇಳ್ಬುಡು" ಎಂದಳು ಹಿರಿಯವಳು.

"ಒಸಿ ತಡೀರವ್ವ, ರೇಟು ಏರ್ಲಿ."

ಕಿರಿಯವಳು ಸೆರಗು ಕೊಡವಿ ಎದ್ದಳು. "ನಿನ್ನ ಒಲೆ ರೇಟು ನೋಡ್ಕಂಡು ಉರೀತದೆ ಕಣಣ್ಣ. ನಮ್ಮನೆ ಒಲೆ ಯಾರ ರೇಟೂ ನೋಡಕಿಲ್ಲ. ಗಾರ್ಮೆಂಟ್ಸ್‌ನವರು ತಿಂಗ್ಳ ಸಂಬಳ ಕೊಡ್ತಾರೆ. ಬಸ್ಸು ನಾಳೆ ಬೆಳಗ್ಗೆ ಬತ್ತದೆ."

ಆ ಇಬ್ಬರೂ ಬಸ್ಸು ಹತ್ತಿದರೆ ರೇಟು ಆಕಾಶಕ್ಕೇರಿದರೂ ನನ್ನ ಶೆಡ್ಡು ಗೋಡೌನೇ ಸರಿ. ಅದೇ ಹೊತ್ತಿಗೆ ಒಳಗಿನಿಂದ ಸೋದರತ್ತೆ ಕೂಗಿದಳು. ಓಡಿಹೋಗಿ ನೋಡಿದರೆ ಮೂಲೆಯ ತಟ್ಟೆಯಲ್ಲಿ ಒಂದು ಗೂಡಿನ ತುದಿ ಒದ್ದೆಯಾಗಿ ತೂತಾಗಿತ್ತು. ಪಕ್ಕದಲ್ಲೇ ಬಿಳಿ ಚಿಟ್ಟೆಯೊಂದು ಮುದುರಿದ ರೆಕ್ಕೆ ಅದುರಿಸುತ್ತ ಕೂತಿತ್ತು.

ಒಂದು ಬಂದರೆ ಇಡೀ ರಾಶಿ ಬರುವುದಕ್ಕೆ ಹೊತ್ತು ಬೇಕಿಲ್ಲ.

ಹೆಂಡತಿ ನನ್ನ ಕೈಯಿಂದ ಫೋನು ಕಿತ್ತುಕೊಂಡಳು. "ಗೂಡಿಗೆ ಕೊಟ್ಟ ದುಡ್ಡು ಈಗ ಯಾರತ್ರ ಐತೆ?"

"ಮರಳವಾಡಿಯವನತ್ರ."

"ನೀವು ಒಲೆ ಹಚ್ದೆ ಕೂತ್ರೆ ಅವನು ವಾಪಸ್ ತಂದ್ಕೊಡ್ತಾನಾ?"

"ಅವನ್ಯಾಕೆ ಕೊಡ್ತಾನೆ?"

"ಇವತ್ತಿನ ರೇಟಿಗೇ ನೂಲು ಮಾರಿದ್ರೆ, ಸೌದೆ, ಕೂಲಿ ಕಳ್ದು ಏನಾರ ಮಿಗ್ತದಾ?"

"ಒಸಿ ಮಿಗ್ತದೆ. ಆದ್ರೆ ಗೂಡಿನ ದುಡ್ಡು..."

"ಗೂಡಿನ ಮಾತು ಬುಡಿ! ಅದು ಸುಟ್ಟ ಸೌದೆ. ಹಚ್ಚಿದ್ರೆ ಒಸಿ ಬತ್ತದೆ, ಹಚ್ದೆ ಇದ್ರೆ ಚಿಟ್ಟೆ ಬತ್ತದೆ. ಯಾವುದು ಬೇಕು?"

ಸೋದರತ್ತೆ ಚಿಟ್ಟೆಯನ್ನು ಅಂಗೈ ಮೇಲೆ ಹತ್ತಿಸಿಕೊಂಡು, "ನಾನು ಇದೊಂದು ಹೇಳೋದ್ನ ಮರ್ತಿದ್ದೆ ಕಣೇ. ಹಚ್ಚದ ಒಲೇಲೂ ಸೌದೆ ಸುಡ್ತದೆ. ಕಣ್ಣಿಗೆ ಹೊಗೆ ಬರಕಿಲ್ಲ, ಅದಕ್ಕೇ ಗೊತ್ತಾಗಕಿಲ್ಲ" ಎಂದಳು.

ಒಲೆ ಹಚ್ಚಲು ಕೂತರೆ ಸೌದೆಯೆಲ್ಲ ಹಸಿ. ಊದಿ ಊದಿ ಕಣ್ಣಲ್ಲಿ ನೀರು. ಕಡೆಗೆ ಹಳೆಯ ಬಾಗಿಲಿನ ಹಲಗೆ ಒಡೆದು ಹಾಕಿದ ಮೇಲೆ ಉರಿ ಎದ್ದಿತು. ವಾರಗಿತ್ತಿಯರಿಬ್ಬರೂ ತಮ್ಮ ತಮ್ಮ ಜಾಗಕ್ಕೆ ಬಂದು ಕೂತರು. ಸಂಜೆಯವರೆಗೆ ರಾಟೆ ನಿಲ್ಲಲಿಲ್ಲ. ನಾಲ್ಕಾರು ಚಿಟ್ಟೆ ಶೆಡ್ಡಿನಲ್ಲಿ ಓಡಾಡಿಕೊಂಡಿದ್ದವು. ಅವುಗಳ ಗೂಡು ಹೋಯಿತು ಎಂದುಕೊಂಡೆ. ಮಿಕ್ಕ ರಾಶಿಗೆ ಅದೇ ಒಲೆಯ ಹಬೆ ಹೊಡೆಸಿದೆ, ಅದು ಉಳಿಯಿತು. ಹೆಂಗಸರು ಹೋಗುವಾಗ ನಾಳೆ ಬರುತ್ತೀರಾ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅವರೂ ಹೇಳಲಿಲ್ಲ.

ಬೆಳಿಗ್ಗೆ ಬಸ್ಸಿನ ಹೊತ್ತಿಗಿಂತ ಮುಂಚೆಯೇ ಒಲೆ ಹಚ್ಚಿದೆ. ಬಸ್ಸು ನಿಲ್ಲುವ ತಿರುವಿನಿಂದ ನಮ್ಮ ಹೊಗೆ ಕಾಣಲಿ ಎಂದು ಬೇಕೆಂತಲೇ ಹಸಿ ಸೌದೆ ತುರುಕಿದೆ. ಹೆಂಡತಿ ಕೆಮ್ಮುತ್ತ, "ಊರಿಗೆಲ್ಲ ಹೊಗೆ ಹಾಕ್ತಿದೀರಾ?" ಎಂದು ಬೈದಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ತಿರುವಿನಲ್ಲಿ ಇಬ್ಬರೂ ಊಟದ ಡಬ್ಬಿ ಹಿಡಿದು ನಿಂತಿದ್ದರು. ಬಸ್ಸು ಬಂತು, ಹಾರ್ನ್ ಹೊಡೆಯಿತು. ಕಿರಿಯವಳು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ನಮ್ಮ ಶೆಡ್ಡಿನ ಕಡೆ ತಿರುಗಿ ನೋಡಿದಳು. ಆಮೇಲೆ ಹತ್ತಿದಳು. ಬಸ್ಸು ಹೋದ ಮೇಲೆ ಧೂಳಿನಲ್ಲಿ ಹಿರಿಯವಳು ಒಬ್ಬಳೇ ಉಳಿದಿದ್ದಳು. ರಸ್ತೆ ದಾಟಿ ಬಂದಳು.

"ಒಂದು ತಿಂಗ್ಳು ಅಲ್ಲಿ ನೋಡ್ತಾಳಂತೆ" ಎಂದಳು. "ನಿನ್ನ ಒಲೆ ಆರದೆ ಇದ್ರೆ ಬತ್ತಾಳಂತೆ."

ಕಿರಿಯವಳನ್ನು ಬೈಯಲು ಬಾಯಿ ಬರಲಿಲ್ಲ. ನನ್ನ ಲೆಕ್ಕ ನನಗಿದ್ದ ಹಾಗೆ ಅವಳ ಲೆಕ್ಕ ಅವಳಿಗೆ. ಖಾಲಿ ಜಾಗದಲ್ಲಿ ಹೆಂಡತಿ ಸೆರಗು ಬಿಗಿದು ಕೂತಳು. ನೀರಿಗೆ ಬೆರಳಿಟ್ಟವಳೇ ಹಾ ಎಂದು ಕಿತ್ತುಕೊಂಡಳು. ಹಿರಿಯವಳು ಅವಳ ಮಣಿಕಟ್ಟು ಹಿಡಿದು ಮತ್ತೆ ನೀರಿನ ಕಡೆಗೇ ತಂದಳು.

"ತಣ್ಣೀರಲ್ಲಿ ಎಳೆ ಸಿಗಕಿಲ್ಲ ಕಣಕ್ಕ. ಬೇಗ ಹಾಕು, ಬೇಗ ತೆಗಿ."