ಅಕ್ಕಿ ಡಬ್ಬದ ಕೆಳಗಿನ ಫಾರಂ

ಆ ಮಂಗಳವಾರ ಅಮಾವಾಸ್ಯೆ. ತೊಂಡೇಬಾವಿಯ ರಾಧಾಮಣಿ ಬೆಳಗ್ಗೆ ಆರಕ್ಕೇ ಮನೆ ಮುಂದೆ ಎರಡು ಬಿಂದಿಗೆ ನೀರು ಚಿಮುಕಿಸಿದಳು. ಕಾರ್ಖಾನೆ ಬಸ್ಸು ಅಲ್ಲೇ ತಿರುಗುತ್ತದೆ. ನೀರು ಹಾಕದಿದ್ದರೆ ಗಂಡನ ಇಸ್ತ್ರಿ ಅಂಗಿಯೆಲ್ಲ ಧೂಳು. ಗಂಡ ಮುನೇಶ್ ಗೌರಿಬಿದನೂರಿನ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಮಿಷನ್ ರಿಪೇರಿ ಮಾಡುತ್ತಿದ್ದ.

ಒಳಗೆ ಬಂದರೆ ಅವನು ಪೆನ್ನು ಹಿಡಿದು ಕೂತಿದ್ದ.

"ಏನ್ರೀ ಅದು?"

"ಕಂಪನಿ ಹೊಸ ಸ್ಕೀಮು. ಎಂಟುನೂರು ಸಂಬಳ ಜಾಸ್ತಿ ಬೇಕಾ, ಇದು ಬೇಕಾ ಅಂತ ಕೇಳವ್ರೆ. ಇದಕ್ಕೆ ಸೈನ್ ಹಾಕಿದ್ರೆ, ನಂಗೇನಾದ್ರೂ ಆದ್ರೆ ಐದು ವರ್ಷ ಅರ್ಧ ಸಂಬಳ ಮನೆಗೆ. ವರಲಕ್ಷ್ಮಿ ಓದು ಮುಗಿಯೋವರ್ಗೂ ಫೀಸು ಅವರದೇ. ಎದುರು ಕಾರ್ಖಾನೆಯೋರು ಸಾವಿರ ಜಾಸ್ತಿ ಕೊಡ್ತೀವಿ ಬಾ ಅಂತಾರೆ, ಇದನ್ನ ಕೊಡಲ್ಲ. ಅದಕ್ಕೇ ನಾನು ಹೋಗ್ಲಿಲ್ಲ."

"ಮಂಗಳವಾರ, ಅಮಾವಾಸ್ಯೆ ಬೇರೆ. ಸಾಯೋ ಮಾತಿರೋ ಕಾಗದ ಮುಟ್ತಾರೇನ್ರೀ?" ಕಿತ್ತುಕೊಂಡು ಅಕ್ಕಿ ಡಬ್ಬದ ಕೆಳಗೆ ತುರುಕಿದಳು. "ನಾಳೆ ಹಾಕಿ."

"ನಾಳೇನೇ ಕೊನೇ ದಿನ ಕಣೇ. ಅಮಾವಾಸ್ಯೆಗೆ ಯಮನಿಗೇನು ರಜಾನಾ?" ಎಂದು ನಗುತ್ತಾ ಬಸ್ಸು ಹತ್ತಿದ.

ಸಂಜೆ ನಾಲ್ಕಕ್ಕೆ ಮಿಷನ್ ಮುಂದೆ ಬಗ್ಗಿದವನು ಎದೆ ಹಿಡಿದುಕೊಂಡ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಉಸಿರಿರಲಿಲ್ಲ.

ಹನ್ನೊಂದನೇ ದಿನದ ಕಾರ್ಯ ಮುಗಿಯಿತು. ಮೈದುನ ಮುರಳಿಮೋಹನ್ ಅಕ್ಕಿ ಡಬ್ಬ ಸರಿಸಿ, ಅವಳು ಹೇಳಿಕೊಂಡಿದ್ದ ಫಾರಂ ತೆಗೆದ.

"ಅತ್ತಿಗೆ, ಅಣ್ಣನ ಸೈನು ನಂಗೆ ಬರುತ್ತೆ. ಹಾಕ್ಬಿಡ್ಲಾ? ಅವತ್ತೇ ಹಾಕಿದ್ದ, ಕೊಡೋದು ಮರೆತ ಅನ್ನೋಣ. ಯಾರಿಗೆ ಗೊತ್ತಾಗುತ್ತೆ?"

ರಾಧಾಮಣಿ ಮಗಳು ವರಲಕ್ಷ್ಮಿಯನ್ನು ನೋಡಿದಳು. ಪಿಯುಸಿ ಮುಗಿಸಿ ನರ್ಸಿಂಗಿಗೆ ಕಾದಿದ್ದ ಹುಡುಗಿ. ಒಂದು ಗೀಟು ಎಳೆದರೆ ಅವಳ ಓದು ಉಳಿಯುತ್ತದೆ. 'ಹಾಕಪ್ಪ' ಎಂಬ ಮಾತು ಬಾಯಿಗೇ ಬಂದಿತ್ತು.

"ಬೇಡ. ತಡೆದವಳು ನಾನು. ಹೋಗಿ ಹೇಳೋಳೂ ನಾನೇ."

ಮಾರನೇ ದಿನ ಕಂಪನಿ ಆಫೀಸಿನ ತನುಜಾ ಮೇಡಂ ಮುಂದೆ ಫಾರಂ ಇಟ್ಟಳು. "ಇದಕ್ಕೆ ಅವರು ಸೈನ್ ಹಾಕಿಲ್ಲ ಮೇಡಂ. ನಾನೇ ಬಿಡ್ಲಿಲ್ಲ."

ಪಕ್ಕದ ಮೇಜಿನವನು ತಲೆ ಎತ್ತದೆ ಅಂದ: "ಸೈನ್ ಇಲ್ದಿದ್ರೆ ಸ್ಕೀಮ್ ಇಲ್ಲಮ್ಮ."

ತನುಜಾ ಎದ್ದಳು. ಬೀರು ತೆಗೆದು ಒಂದೊಂದೇ ಫೈಲು ಮಗುಚಿದಳು. ಕೊನೆಗೆ ಒಂದು ಹಾಳೆ ಹೊರಬಂತು. ಮುನೇಶನ ವಾಲಿದ ಸಹಿ. ಮಂಗಳವಾರದ್ದೇ ಸೀಲು.

"ಅವತ್ತು ಊಟದ ಹೊತ್ತಲ್ಲಿ ಬಂದು ಇನ್ನೊಂದು ಫಾರಂ ಇಸ್ಕೊಂಡು ಸೈನ್ ಹಾಕಿ ಕೊಟ್ರಮ್ಮ. 'ಮನೇಲಿ ಹೇಳ್ಬೇಡಿ, ಬೈತಾಳೆ' ಅಂದ್ರು. ಕಾರ್ಯ ಮುಗಿದ್ಮೇಲೆ ನಾನೇ ಬಂದು ಹೇಳೋಣ ಅಂತಿದ್ದೆ. ಮೊದಲು ಈ ಸ್ಕೀಮ್ ಯಾರೂ ನಂಬ್ಲಿಲ್ಲ. ನಿಮ್ಮೋರೇ ಎಲ್ರಿಗೂ ಹೇಳಿ ಒಪ್ಪಿಸಿದ್ರು. ಎದುರು ಕಾರ್ಖಾನೆಗೆ ಹೋಗ್ತೀನಿ ಅಂದೋರೂ ಇಲ್ಲೇ ನಿಂತ್ರು."

ಮೈದುನ ಸೈನ್ ಹಾಕಿದ್ದರೆ ಅದೇ ಮೇಜಿನ ಮೇಲೆ ಈಗ ಎರಡು ಸಹಿ ಇರುತ್ತಿದ್ದವು, ಒಂದು ನಿಜದ್ದು, ಒಂದು ಕಳ್ಳದು. ಅದು ಹೊಳೆದು ರಾಧಾಮಣಿ ತಾನು ತಂದ ಖಾಲಿ ಫಾರಂ ಮಡಚಿ ಸೆರಗಿಗೆ ಕಟ್ಟಿಕೊಂಡಳು. ಮಾತು ಮೀರಿದ ಗಂಡನನ್ನು ಬೈಯಬೇಕಿತ್ತು. ಬೈಸಿಕೊಳ್ಳಲು ಅವನಿರಲಿಲ್ಲ.

ವರಲಕ್ಷ್ಮಿ ಈಗ ಚಿಕ್ಕಬಳ್ಳಾಪುರದಲ್ಲಿ ನರ್ಸಿಂಗ್ ಓದುತ್ತಾಳೆ. ಕಾರ್ಖಾನೆ ಬಸ್ಸು ಇಂದಿಗೂ ಅದೇ ಜಾಗದಲ್ಲಿ ತಿರುಗುತ್ತದೆ. ಆ ಮನೆಯಿಂದ ಹತ್ತುವವರಿಲ್ಲ. ಆರಾಗುತ್ತಲೇ ರಾಧಾಮಣಿ ಎರಡು ಬಿಂದಿಗೆ ನೀರು ತಂದು ಅಲ್ಲಿ ಚಿಮುಕಿಸುತ್ತಾಳೆ.